ಕಂಬದ ಮರೆಯ ಕೇಕು

ಟಿಪ್ಸ್ ಎಂಬ ಪಿಡುಗನ್ನು ಈ ಭೂಮಂಡಲದಿಂದ ಬೇರುಸಮೇತ ಕಿತ್ತೊಗೆಯಲೆಂದೇ ನಾನು ಹುಟ್ಟಿದ್ದೇನೆ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ! ನನ್ನ ವಾದ ಸರಳ. ನಾನು ದರ್ಜಿ. ಹೊಲಿದ ಕೋಟು ತೊಟ್ಟ ಗಿರಾಕಿ ಕನ್ನಡಿಯ ಮುಂದೆ ಎಡಕ್ಕೆ ತಿರುಗುತ್ತಾನೆ, ಬಲಕ್ಕೆ ತಿರುಗುತ್ತಾನೆ, ಹೊಟ್ಟೆಯನ್ನು ಒಳಗೆಳೆದುಕೊಂಡು ಉಸಿರು ಬಿಗಿಹಿಡಿದು ‘ಪರವಾಗಿಲ್ಲ’ ಎನ್ನುತ್ತಾನೆ, ಮಜೂರಿ ಕೊಟ್ಟು ಹೊರಟುಹೋಗುತ್ತಾನೆ. ‘ಆಹಾ, ತೋಳು ಎಷ್ಟು ಚೆನ್ನಾಗಿ ಕೂಡಿಸಿದ್ದೀರಿ, ಇಗೋ ಇದು ನಿಮಗೆ ಬೇರೆ’ ಎಂದು ಇವತ್ತಿನವರೆಗೆ ಒಬ್ಬ ಮಹಾನುಭಾವನೂ ಅಂದಿಲ್ಲ. ಬೆನ್ನು ಬಗ್ಗಿಸಿ ಹೊಲಿಯುವ ನನಗಿಲ್ಲದ ಟಿಪ್ಸು ತಟ್ಟೆ ತಂದಿಡುವವನಿಗೆ ಯಾಕೆ? ಕೊಡುವುದಿಲ್ಲ! ಕೊಟ್ಟರೆ ಕತ್ತರಿ ಹಿಡಿಯುವ ಈ ಕೈಗೇ ಅವಮಾನ!

ಈಗ ಅದನ್ನೆಲ್ಲ ನೆನೆದರೆ ನನಗೇ ನಗು ಬರುತ್ತದೆ. ನಗುವಿನ ಜೊತೆಗೆ ಇಬ್ಬರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಒಬ್ಬಳು ನನ್ನ ಹೆಂಡತಿ. ಇನ್ನೊಬ್ಬ ನಮ್ಮ ಬೀದಿಯ ತಿರುವಿನ ಹೋಟೆಲಿನಲ್ಲಿ ಕೆಲಸ ಮಾಡುವ ಎತ್ತರದ ವೇಟರ್.

ನಮ್ಮದು ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಎರಡು ಹೊಲಿಗೆ ಯಂತ್ರಗಳು ಎದುರುಬದುರಾಗಿವೆ. ಗಂಡಸರ ಬಟ್ಟೆ ನನ್ನ ಪಾಲಿಗೆ, ಹೆಂಗಸರ ಬಟ್ಟೆ ನನ್ನವಳ ಪಾಲಿಗೆ. ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ನಮ್ಮ ಅಂಗಡಿಯ ಹೆಗ್ಗಳಿಕೆ ಏನೆಂದರೆ ಗಿರಾಕಿಗಳ ಅಳತೆ ಹೊರಗೆ ಹೋಗುವುದಿಲ್ಲ. ಯಾರ ಸೊಂಟ ಎಷ್ಟು, ಯಾರ ಒಂದು ಭುಜ ಇನ್ನೊಂದಕ್ಕಿಂತ ಇಳಿಜಾರು, ಯಾರ ಕೋಟಿನ ಎದೆಯೊಳಗೆ ನಾವು ಎಷ್ಟು ಹತ್ತಿ ತುಂಬಿ ಗಂಡೆದೆ ಮಾಡಿದ್ದೇವೆ, ಎಲ್ಲವೂ ನಮ್ಮ ಹೊಟ್ಟೆಯೊಳಗೇ ಇರುತ್ತದೆ. ಇದನ್ನೇ ಒಂದು ಸಾಲು ಮಾಡಿ ನನ್ನ ನಾದಿನಿ ನಮ್ಮ ಅಂಗಡಿಗೊಂದು ಫೇಸ್‌ಬುಕ್ ಪುಟ ತೆರೆದುಕೊಟ್ಟಿದ್ದಾಳೆ: ‘ನಿಮ್ಮ ಅಳತೆ, ನಮ್ಮಲ್ಲಿ ಭದ್ರ.’ ಪುಟದ ಮೇಲೆ ನನ್ನವಳ ನಗುಮುಖದ ಫೋಟೋ ಇದೆ. ನನ್ನ ಫೋಟೋ ಹಾಕಿದರೆ ಗಿರಾಕಿಗಳು ಬರುವುದಿಲ್ಲವಂತೆ.

ಇಷ್ಟು ಗುಟ್ಟು ಕಾಯುವ ಮನುಷ್ಯನಿಗೆ ತನ್ನದೂ ಒಂದು ಗುಟ್ಟು ಇರಬಾರದೇ? ಇತ್ತು.

ಹೋದ ವರ್ಷ ಡಾಕ್ಟರು ನನ್ನ ರಕ್ತ ಪರೀಕ್ಷೆ ಮಾಡಿ ಸಕ್ಕರೆ, ಬೆಣ್ಣೆ, ಕರಿದದ್ದು ಎಲ್ಲಕ್ಕೂ ಮಂಗಳ ಹಾಡಿಬಿಟ್ಟರು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಬೇಯಿಸಿದ ತರಕಾರಿ ಬಿಟ್ಟು ಬೇರೆ ಯಾವುದೂ ಒಲೆ ಏರಲಿಲ್ಲ. ಪುಣ್ಯಾತ್ಗಿತ್ತಿ ತಾನೂ ಅದನ್ನೇ ತಿಂದಳು. ‘ನಿನಗೇನು ಕಾಯಿಲೆ, ನೀನು ಬೇಕಾದ್ದು ಮಾಡಿಕೊಂಡು ತಿನ್ನು’ ಎಂದರೆ, ಎದುರಿಗೆ ಕೂತು ಬೇರೆ ತಿಂದರೆ ನಿಮ್ಮ ಕಣ್ಣು ಬೀಳುತ್ತದೆ ಎಂದು ನಕ್ಕಳು. ನಾನು ಅದನ್ನು ಅವಳ ಚಪಲವಿಲ್ಲದ ನಾಲಿಗೆಯ ಗುಣ ಎಂದುಕೊಂಡೆ. ನನ್ನ ನಾಲಿಗೆ ಆ ಜಾತಿಯದಲ್ಲ. ಒಂದು ಮಧ್ಯಾಹ್ನ ಗುಂಡಿ ತರುತ್ತೇನೆಂದು ಹೇಳಿ ಹೊರಟವನು ತಿರುವಿನ ಹೋಟೆಲಿಗೆ ನುಗ್ಗಿದೆ.

ಅಲ್ಲಿ ಈ ವೇಟರ್ ಸಿಕ್ಕಿದ. ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಮಾತು ಮಾತ್ರ ತೀರಾ ಗಿಡ್ಡ. ನಾನು ಅವನಿಗೆ ಮನಸ್ಸಿನಲ್ಲೇ ‘ಮೌನಿ’ ಎಂದು ಹೆಸರಿಟ್ಟೆ. ನಾನು ಅತ್ತಿತ್ತ ಕಳ್ಳನೋಟ ಬೀರುತ್ತಾ ನಿಂತದ್ದನ್ನು ನೋಡಿದವನೇ ಒಂದು ಪ್ರಶ್ನೆಯನ್ನೂ ಕೇಳದೆ ದಪ್ಪ ಕಂಬದ ಹಿಂದಿನ ಮೇಜಿಗೆ ಕರೆದೊಯ್ದ. ಅಲ್ಲಿ ಕೂತರೆ ಬೀದಿಗೆ ನಾನು ಕಾಣುವುದಿಲ್ಲ, ನನಗೆ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಳ್ಳ ತಿಂಡಿಗೆ ಇದಕ್ಕಿಂತ ಪವಿತ್ರ ಸ್ಥಳ ಬೇಕೆ? ಮೊದಲ ಸಲ ಒಂದು ಸಾಮಾನ್ಯ ಕೇಕು ತಿಂದೆ. ಮುಂದಿನ ವಾರದಿಂದ ಅವನು ನಾನು ಬಾಯಿ ಬಿಡುವ ಮೊದಲೇ ಬೇರೊಂದನ್ನು ತಂದಿಡತೊಡಗಿದ. ಚಿನ್ನದ ಬಣ್ಣ, ಮೆತ್ತನೆಯ ಮೈ, ಮೇಲೆ ಬೆಳ್ಳಗೆ ದಪ್ಪ ಕೆನೆ! ನಾನು ಮೆನು ತೆರೆದು ನೋಡುವುದನ್ನೇ ಬಿಟ್ಟೆ. ವಾರಕ್ಕೆರಡು ಬಾರಿ ಗುಂಡಿಗೋ ದಾರಕ್ಕೋ ಹೋಗುವುದು, ಕಂಬದ ಮರೆಯಲ್ಲಿ ಸ್ವರ್ಗಸುಖ ಅನುಭವಿಸುವುದು, ಲೆಕ್ಕಕ್ಕೆ ಸರಿಯಾಗಿ ಬಿಲ್ಲು ತೆತ್ತು ಎದ್ದುಬರುವುದು. ಮೇಲೆ ಒಂದು ಬಿಡಿಗಾಸೂ ಇಟ್ಟವನಲ್ಲ. ತತ್ವ ಎಂದರೆ ತತ್ವ!

ಇದರಲ್ಲಿ ಒಂದು ವಿಚಿತ್ರವೂ ನಡೆಯುತ್ತಿತ್ತು. ನಾನು ಕೇಕು ತಿಂದಷ್ಟೂ ನನ್ನ ಸೊಂಟ ಇಳಿಯುತ್ತಾ ಹೋಯಿತು. ನನ್ನ ಪ್ಯಾಂಟುಗಳ ಸೊಂಟಪಟ್ಟಿಯನ್ನು ನಾನೇ ಬಿಚ್ಚಿ ಒಳಕ್ಕೆ ಹೊಲಿದುಕೊಳ್ಳಬೇಕಾಯಿತು. ಡಾಕ್ಟರು ಹೊಸ ಪರೀಕ್ಷೆಯ ಫಲಿತಾಂಶ ನೋಡಿ ಬೆನ್ನು ತಟ್ಟಿದರು. ಊರವರ ಸೊಂಟವನ್ನೆಲ್ಲ ಅಳೆದು ಅರೆದು ಕುಡಿದ ನಾನು ನನ್ನ ಸೊಂಟದ ವಿಷಯದಲ್ಲಿ ಯಾಕೆ ಎಂದು ಒಂದು ಸಲವಾದರೂ ಕೇಳಿಕೊಳ್ಳಬೇಕಿತ್ತು. ಕೇಳಲಿಲ್ಲ. ಕೆಲವರ ದೇಹವೇ ಹಾಗೆ, ವಿಶೇಷ ತಳಿ, ಕೇಕನ್ನು ಗಾಳಿ ಮಾಡಿ ಹಾರಿಸಿಬಿಡುತ್ತದೆ ಎಂದು ಬೀಗಿದೆ.

ಹೀಗಿರುವಾಗ ನಮ್ಮ ಮದುವೆಯ ವಾರ್ಷಿಕೋತ್ಸವ ಬಂತು. ಇವತ್ತು ಮಧ್ಯಾಹ್ನ ಹೊರಗೆ ಊಟ ಮಾಡೋಣ ಎಂದು ನನ್ನವಳು ಹೊಸ ಸೀರೆ ಉಟ್ಟು ಹೊರಟಳು. ಎಲ್ಲಿಗೆ ಎಂದು ಕೇಳಿದೆ. ತಿರುವಿನ ಹೋಟೆಲಿಗೆ ಎಂದಳು. ಮೌನಿ ನನ್ನನ್ನು ನೋಡಿ ನಕ್ಕರೆ? ‘ಎಂದಿನದೇ ತರಲಾ’ ಎಂದರೆ? ದಾರಿಯುದ್ದಕ್ಕೂ ಹೊಟ್ಟೆನೋವು, ತಲೆನೋವು, ಚಪ್ಪಲಿ ಕಿತ್ತುಹೋಗುವುದು, ಎಲ್ಲ ನಾಟಕ ಆಡಿ ನೋಡಿದೆ. ಅವಳು ಯಾವುದಕ್ಕೂ ಸೊಪ್ಪು ಹಾಕಲಿಲ್ಲ.

ಆದರೆ ಮೌನಿ ಎಂಥವನು ಎನ್ನುತ್ತೀರಿ! ನನ್ನನ್ನು ಜನ್ಮದಲ್ಲಿ ನೋಡಿಲ್ಲದವನ ಹಾಗೆ ನಿಂತು, “ಮೊದಲನೇ ಸಲ ಬರ್ತಿದೀರಾ ಸರ್?” ಎಂದು ಕೇಳಿದ. ಕಂಬದ ಕಡೆ ಕಣ್ಣೂ ಹಾಯಿಸದೆ ಕಿಟಕಿಯ ಪಕ್ಕದ ಮೇಜು ತೋರಿಸಿದ. ನಾನು ಒಳಗೊಳಗೇ ಅವನಿಗೆ ಸಾಷ್ಟಾಂಗ ಹಾಕಿದೆ. ಹೊರಗೆ ಮಾತ್ರ ಹೊಸ ಗಿರಾಕಿಯ ಗತ್ತಿನಲ್ಲಿ ಸಾರು ಕುಡಿದೆ, ಬೆಂದ ತರಕಾರಿ ತಿಂದೆ, ಬಿಲ್ಲು ತರಿಸಿ ತೆತ್ತೆ.

ಬಿಲ್ಲು ತೆತ್ತ ಮೇಲೆ ಮೌನಿ ಹೋಗಲಿಲ್ಲ. ಮೇಜಿನ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು, ಕತ್ತು ಬಾಗಿಸಿ ನಿಂತೇ ಇದ್ದ. ನಾನು ಕೆಮ್ಮಿದೆ, ಅವನು ಕದಲಲಿಲ್ಲ. ನೀರು ಕುಡಿದೆ, ಆಗಲೂ ಕದಲಲಿಲ್ಲ. ನನ್ನ ತಲೆಯಲ್ಲಿ ದೀಪ ಹತ್ತಿತು. ಓಹೋ, ಇಷ್ಟು ದಿನ ಗುಟ್ಟು ಕಾಯ್ದದ್ದಕ್ಕೆ ಇವತ್ತು ಹೆಂಡತಿಯ ಎದುರಿಗೇ ವಸೂಲಿಗೆ ನಿಂತಿದ್ದಾನೆ! ನನ್ನವಳು ಏನಾದರೂ ಇಡಿ ಎಂದು ಪಿಸುಗುಟ್ಟಿದಳು. ನಾನು ಇಡುವುದಿಲ್ಲ ಎಂದೆ, ಸ್ವಲ್ಪ ಜೋರಾಗಿಯೇ ಎಂದೆ. ಟಿಪ್ಸಿನ ಇತಿಹಾಸ, ಅದರಿಂದ ಮನುಕುಲಕ್ಕೆ ಆದ ಹಾನಿ, ದರ್ಜಿಗಳಿಗೆ ಆಗುತ್ತಿರುವ ಅನ್ಯಾಯ, ಎಲ್ಲವನ್ನೂ ಪಕ್ಕದ ಮೇಜಿನವರಿಗೂ ಕೇಳುವಂತೆ ವಿವರಿಸಿದೆ. ಸಾಕ್ಷಿಗಿರಲಿ ಎಂದು ಬಿಲ್ಲಿನ ಫೋಟೋ ತೆಗೆಯುವ ನೆಪದಲ್ಲಿ ಹಿಂದೆ ನಿಂತವನನ್ನೂ ಸೆರೆಹಿಡಿದು, ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಬಂದೆ. ಅವಳು ತಿರುಗಿ ತಿರುಗಿ ನೋಡುತ್ತಲೇ ಬಂದಳು.

“ಅವರು ಟಿಪ್ಸಿಗೆ ನಿಂತಿರ್ಲಿಲ್ಲ ರೀ.”

“ಮತ್ತೆ ಇನ್ಯಾತಕ್ಕೆ ನಿಂತಿದ್ದ? ನಿನ್ನ ಹೊಸ ಸೀರೆ ನೋಡಕ್ಕಾ?”

“ಹೋಗ್ಲಿ ಬಿಡಿ. ಎಲ್ಲಾ ಹಾಳು ಮಾಡಿದ್ರಿ” ಎಂದು ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಏನು ಹಾಳಾಯಿತು ಎಂದು ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ವ್ಯವಧಾನವೂ ಇರಲಿಲ್ಲ, ಯಾಕೆಂದರೆ ನನ್ನೊಳಗೆ ಆಗಲೇ ಒಂದು ಮಹಾಲೇಖನ ಕುದಿಯುತ್ತಿತ್ತು.

ಮರುದಿನ ಬೆಳಿಗ್ಗೆ ನನ್ನವಳು ಒಂದು ಮದುವೆಯ ಗೌನಿಗೆ ಮಣಿ ಕೂರಿಸುವುದರಲ್ಲಿ ತಲೆ ತಗ್ಗಿಸಿದಳು. ಅದನ್ನು ಎರಡು ದಿನದಲ್ಲಿ ಕೊಡಬೇಕಿತ್ತು, ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ನಾನು ಅಂಗಡಿಯ ಫೋನು ತೆಗೆದುಕೊಂಡು ನನ್ನ ಹೆಸರಿನ ಖಾತೆಯಲ್ಲಿ ಬರೆದೆ. ‘ನಾನು ಈ ಹೋಟೆಲಿಗೆ ಮೊದಲ ಬಾರಿ ಹೋದವನು’ ಎಂದೇ ಆರಂಭಿಸಿದೆ. ಎಷ್ಟೆಂದರೂ ಹೆಂಡತಿ ಓದುವ ಸಂಭವ ಇತ್ತಲ್ಲ! ‘ಊಟ ಮುಗಿದ ಮೇಲೆ ವೇಟರ್ ನನ್ನ ಜೇಬಿನ ಮೇಲೆ ಕಣ್ಣಿಟ್ಟು ಕಂಬದಂತೆ ನಿಂತ’ ಎಂದು ಮುಂದುವರಿಸಿ ಫೋಟೋ ಅಂಟಿಸಿದೆ. ನಾನೇನು ಕ್ರೂರಿಯೇ? ಒಬ್ಬ ಬಡಪಾಯಿಯ ಖಾಸಗಿತನ ಕಾಪಾಡುವುದು ನನ್ನ ಧರ್ಮವೆಂದು ಅವನ ಮುಖದ ಮೇಲೆ ಒಂದು ಹಳದಿ ನಗುಮುಖ ಮೆತ್ತಿದೆ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ವೇಟರ್ ಇಡೀ ಊರಿಗೆ ಅವನೊಬ್ಬನೇ ಎಂಬುದು ನನಗೆ ಹೊಳೆಯಲಿಲ್ಲ!

ಸಂಜೆಯ ಹೊತ್ತಿಗೆ ಬೆಂಕಿ ಹತ್ತಿಕೊಂಡಿತು. ಗೊತ್ತಿಲ್ಲದವರೆಲ್ಲ ಬಂದು ಭೇಷ್ ಎಂದರು. ಗೊತ್ತಿಲ್ಲದ ಇನ್ನಷ್ಟು ಜನ ಬಂದು ಭೇಷ್ ಎಂದವರನ್ನು ಬೈದರು. ಟಿಪ್ಸ್ ಕೊಡಬೇಕೆನ್ನುವ ಪಕ್ಷ, ಕೊಡಬಾರದೆನ್ನುವ ಪಕ್ಷ, ಕೊಡುವುದು ಬಿಡುವುದು ನಿಮ್ಮಿಷ್ಟ ಆದರೆ ಫೋಟೋ ಯಾಕೆ ಹಾಕಿದಿರಿ ಎನ್ನುವ ಮೂರನೇ ಪಕ್ಷ. ನಾನು ಮೊದಲ ಎರಡನ್ನು ಓದಿ ಮೀಸೆ ತಿರುವಿದೆ, ಮೂರನೆಯದನ್ನು ಓದದೆ ದಾಟಿಸಿದೆ.

ಅದರ ಮಾರನೆಯ ಮಧ್ಯಾಹ್ನ ದಾರ ತರುವ ನೆಪದಲ್ಲಿ ಹೋಟೆಲಿಗೆ ಹೋದೆ. ಇಷ್ಟಾದ ಮೇಲೂ ಕೇಕು ತಿನ್ನಲು ಹೋದ ನನ್ನ ಧೈರ್ಯವನ್ನು ನೀವು ಮೆಚ್ಚಲೇಬೇಕು. ಅಲ್ಲಿ ಮೌನಿ ಇರಲಿಲ್ಲ. ಹೊಸ ವೇಟರೊಬ್ಬ ನನ್ನನ್ನು ಬೀದಿಗೆ ಕಾಣುವ ಕಿಟಕಿಯಲ್ಲೇ ಕೂರಿಸಿದ. ಚಿನ್ನದ ಬಣ್ಣದ ಕೇಕು ಎಂದರೆ ಅಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ ಎಂದ. ಹೊಸಬ, ಪಾಪ, ಏನೂ ಗೊತ್ತಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಹೋಟೆಲಿನ ಯಜಮಾನಿ ನನ್ನ ಖಾತೆಯ ಫೋಟೋದಿಂದ ಗುರುತು ಹಿಡಿದು ಕೈ ಜೋಡಿಸಿಕೊಂಡು ಬಂದರು. ಅವರು ಸಂಜೆ ಮಾತ್ರ ಹೋಟೆಲಿಗೆ ಬರುವವರು, ನನ್ನ ಮಧ್ಯಾಹ್ನದ ಲೀಲೆಗಳನ್ನು ಕಂಡವರಲ್ಲ. ಇವತ್ತು ನನ್ನ ಲೇಖನದ ದೆಸೆಯಿಂದ ಬೇಗ ಬಂದಿದ್ದರು. ನಿಮ್ಮಂಥವರು ಹೇಳಿದರೇನೇ ನಾವು ತಿದ್ದಿಕೊಳ್ಳುವುದು, ಬಹಳ ಉಪಕಾರವಾಯಿತು ಎಂದು ಎದುರಿಗೆ ಕೂತರು. ಆ ವೇಟರನ್ನು ಕೆಲಸದಿಂದ ಮನೆಗೆ ಕಳಿಸಿದ್ದೇನೆ ಎಂದು, ನನಗೆ ಸಂತೋಷವಾಗಲಿ ಎಂಬಂತೆ ಹೇಳಿದರು.

ನಾನು ನೀರಿನ ಲೋಟ ಕೆಳಗಿಟ್ಟೆ.

“ಕಳಿಸಿಬಿಟ್ರಾ? ಅವನು... ಅವರು ಏನೂ ಹೇಳ್ಲಿಲ್ವಾ?”

“ಅದೇ ನನಗೂ ಬೇಜಾರು. ನಿಂತಿದ್ಯಾ ಅಂದ್ರೆ ನಿಂತಿದ್ದೆ ಅಂತಾನೆ. ಯಾಕಪ್ಪಾ ಅಂದ್ರೆ, ಗಿರಾಕಿಗಳ ವಿಷಯ ಮೇಡಂ, ಹೇಳಕ್ಕಾಗಲ್ಲ ಅಂತಾನೆ. ಈ ಸರ್ ಮೊದ್ಲೂ ಬಂದಿದಾರಾ ಅಂದ್ರೆ ಅದನ್ನೂ ಹೇಳಲ್ಲ. ಹೆಂಡ್ತಿಗೆ ತುಂಬಿದ ತಿಂಗಳು. ಇಂಥಾ ಹೊತ್ತಲ್ಲಿ ಯಾರಾದ್ರೂ ಹೀಗೆ ಹಟ ಮಾಡ್ತಾರಾ?”

ಅವನು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು: ‘ಈ ಮನುಷ್ಯ ವಾರಕ್ಕೆರಡು ಸಲ ಬಂದು ಕಂಬದ ಹಿಂದೆ ಕೂತು ಪುಕ್ಕಟೆ ಸೇವೆ ಮಾಡಿಸಿಕೊಳ್ಳುತ್ತಾನೆ, ಒಂದು ದಿನವೂ ಟಿಪ್ಸ್ ಕೇಳದ ನಾನು ಆವತ್ತು ಯಾಕೆ ಕೇಳಲಿ?’ ಅಷ್ಟರಿಂದ ಅವನ ಕೆಲಸ ಉಳಿಯುತ್ತಿತ್ತು, ನನ್ನ ಮಾನ ಹೋಗುತ್ತಿತ್ತು. ಅವನು ನನ್ನ ಮಾನ ಉಳಿಸಿ ತನ್ನ ಕೆಲಸ ಕಳೆದುಕೊಂಡಿದ್ದ. ‘ನಿಮ್ಮ ಅಳತೆ, ನಮ್ಮಲ್ಲಿ ಭದ್ರ’ ಎಂದು ಪುಟದಲ್ಲಿ ಬರೆದುಕೊಂಡ ನಾನೋ, ಅವನ ಎತ್ತರವನ್ನೇ ಊರಿಗೆ ಹರಾಜು ಹಾಕಿದ್ದೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಅವನು ಒಳ್ಳೆಯವನು, ವಾಪಸು ಕರೆಯಿರಿ ಎಂದು ತೊದಲಿದೆ. ಒಂದೇ ಸಲ ಬಂದ ನಿಮಗೆ ಅದು ಹೇಗೆ ಗೊತ್ತು ಎಂದು ಯಜಮಾನಿ ನಕ್ಕರು. ದಿನಾ ಬರುವ ಗಿರಾಕಿ ಯಾರಾದರೂ ಧೈರ್ಯವಾಗಿ ಬರೆದರೆ ಈ ಬೆಂಕಿ ಆರುತ್ತದೆ, ನಾಳೆಯೇ ಕರೆಸಿಕೊಳ್ಳುತ್ತೇನೆ, ಆದರೆ ಒಬ್ಬರೂ ತುಟಿ ಬಿಚ್ಚುತ್ತಿಲ್ಲ ಎಂದು ನಿಟ್ಟುಸಿರು ಬಿಟ್ಟರು. ಆ ದಿನಾ ಬರುವ ಗಿರಾಕಿ ಅವರ ಎದುರಿಗೇ ಕೂತು ಪೆಚ್ಚುಮೋರೆ ಹಾಕಿಕೊಂಡು ನೀರು ಕುಡಿಯುತ್ತಿದ್ದ!

ಮನೆಗೆ ಬಂದು ಯಂತ್ರದ ಮುಂದೆ ಕೂತೆ. ಒಬ್ಬರ ಶರಟಿಗೆ ಎರಡೂ ಎಡಗೈ ತೋಳುಗಳನ್ನೇ ಕೂಡಿಸಿದೆ. ನಿಜ ಬರೆದರೆ ಹೆಂಡತಿಗೆ ಗೊತ್ತಾಗುತ್ತದೆ. ಇಷ್ಟು ತಿಂಗಳು ನನ್ನ ಜೊತೆ ಸಪ್ಪೆ ತಿಂದವಳಿಗೆ ನಾನು ಹೊರಗೆ ಕೆನೆ ಮೆಲ್ಲುತ್ತಿದ್ದೆ ಎಂದು ಗೊತ್ತಾದರೆ ಅವಳ ಮುಖ ಹೇಗೆ ನೋಡಲಿ? ಬರೆಯದಿದ್ದರೆ ಅವನ ಮನೆಯಲ್ಲಿ ಹುಟ್ಟುವ ಮಗುವಿನ ಗತಿ? ಕೊನೆಗೆ ಒಂದು ಅದ್ಭುತ ಉಪಾಯ ಹೊಳೆಯಿತು. ನಿಜ ಬರೆಯುವುದು, ಆದರೆ ಬೇರೆ ಹೆಸರಿನಲ್ಲಿ! ನಾದಿನಿ ಯಾವಾಗಲೋ ಹೇಳಿಕೊಟ್ಟಂತೆ ‘ತೃಪ್ತ ಗಿರಾಕಿ’ ಎಂಬ ಹೊಸ ಖಾತೆ ತೆರೆದೆ. ಸ್ನಾನಕ್ಕೆ ಹೋಗುತ್ತೇನೆಂದು ಬಚ್ಚಲುಮನೆ ಸೇರಿ, ಬಿಸಿನೀರು ಬಿಟ್ಟುಕೊಂಡು, ಹೀಗೆ ಬರೆದೆ:

‘ನಾನು ಈ ಹೋಟೆಲಿಗೆ ವಾರಕ್ಕೆರಡು ಸಲ ಮನೆಯವರಿಗೆ ಗೊತ್ತಾಗದಂತೆ ಬರುವ ಹಳೆಯ ಗಿರಾಕಿ. ಕಂಬದ ಮರೆಯಲ್ಲಿ ಕೂತು, ಕೆನೆ ಹೊತ್ತ ಚಿನ್ನದ ಬಣ್ಣದ ಕೇಕು ತಿಂದು ಹೋಗುತ್ತೇನೆ. ಅಂಥ ಕೇಕು ಮೂರು ಲೋಕದಲ್ಲಿಲ್ಲ. ಇಲ್ಲಿಯವರೆಗೆ ಟಿಪ್ಸ್ ಕೊಟ್ಟಿಲ್ಲ. ಆ ಎತ್ತರದ ವೇಟರ್ ಒಂದು ದಿನವೂ ಕೇಳಿಲ್ಲ, ಮುಖ ಸಿಂಡರಿಸಿಲ್ಲ. ಅವರ ಮೇಲಿನ ದೂರು ಸುಳ್ಳು. ದೂರು ಬರೆದ ದರ್ಜಿ ಮಹಾ ಜಿಪುಣ.’

ನನ್ನನ್ನು ನಾನೇ ಜಿಪುಣ ಎಂದು ಬೈಯುವಾಗ ಬೆರಳು ಸ್ವಲ್ಪ ತಡವರಿಸಿತು. ಆದರೂ ಒತ್ತಿಬಿಟ್ಟೆ. ಮನಸ್ಸು ಹಗುರವಾಯಿತು. ಫೋನಿನಲ್ಲಿ ಖಾತೆ ಬದಲಾಯಿಸಲು ಮೂರು ದುಂಡು ಚಿತ್ರಗಳಿದ್ದವು. ಒಂದು ನನ್ನದು, ಒಂದು ತೃಪ್ತ ಗಿರಾಕಿಯದು, ಒಂದು ನಮ್ಮ ಅಂಗಡಿಯದು. ಬಚ್ಚಲಿನ ಹಬೆಯಲ್ಲಿ ಕನ್ನಡಕ ಮಸುಕಾಗಿತ್ತು ಎಂಬ ಒಂದು ಸಣ್ಣ ವಿವರವನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಗೌನಿನ ಟ್ರಯಲ್ಲಿಗೆಂದು ಮದುಮಗಳನ್ನು ಕರೆದುಕೊಂಡು ಅವಳ ತಾಯಿ ಬಂದರು. ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನವಳ ಕೈ ಹಿಡಿದುಕೊಂಡು, “ಎಂಥಾ ಧೈರ್ಯ ತಾಯೀ ನಿಮ್ಮದು. ಕಟ್ಕೊಂಡ ಗಂಡನ್ನೇ ಜಿಪುಣ ಅಂತ ಬರೆಯೋದು ಅಂದ್ರೆ!” ಎಂದರು. ಅವರ ಹಿಂದೆ ಇನ್ನಿಬ್ಬರು ಗಿರಾಕಿಗಳು ಬಂದು, ನಮಗೂ ಮನೆಯಲ್ಲಿ ಹೀಗೇ, ಕದ್ದೇ ತಿನ್ನಬೇಕು ಎಂದು ಕಣ್ಣು ಒರೆಸಿಕೊಂಡರು. ನಾದಿನಿ ಫೋನು ಮಾಡಿ, ವಾರಕ್ಕೆರಡು ಸಲ ಕೇಕು ತಿನ್ನುವ ಅಕ್ಕ ತನಗೆ ಒಂದು ತುಂಡೂ ತರಲಿಲ್ಲವೆಂದು ಜಗಳ ತೆಗೆದಳು. ನನ್ನ ಮಹಾಸತ್ಯವೆಲ್ಲ ನನ್ನವಳ ನಗುಮುಖದ ಕೆಳಗೆ, ‘ನಿಮ್ಮ ಅಳತೆ, ನಮ್ಮಲ್ಲಿ ಭದ್ರ’ ಎಂಬ ಸಾಲಿನ ಅಡಿಯಲ್ಲಿ, ಊರ ತುಂಬ ಹಂಚಿಹೋಗಿತ್ತು!

ನಾನು ಇಸ್ತ್ರಿಪೆಟ್ಟಿಗೆಯ ಹಿಂದೆ ಅಡಗಲು ನೋಡಿದೆ. ಅದು ಅಷ್ಟು ದೊಡ್ಡದಿರಲಿಲ್ಲ. ನನ್ನವಳು ಫೋನು ತೆಗೆದು ಪೂರ್ತಿ ಓದಿದಳು. ಮತ್ತೆ ನನ್ನ ಮೊದಲ ಲೇಖನವನ್ನೂ ಓದಿದಳು. ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಬಂದವರತ್ತ ತಿರುಗಿ, ಹೌದು, ನಾನೇ ಬರೆದದ್ದು ಎಂದಳು. ಇನ್ನೂ ಏನಾದರೂ ಕೇಳುವುದಿದೆಯೇ ಎಂಬ ಆ ಮುಖ ನೋಡಿ ಅವರೆಲ್ಲ ಟ್ರಯಲ್ ಮುಗಿಸಿಕೊಂಡು ಹೊರಟರು. ಊರೆದುರು ನನ್ನ ಕಳ್ಳತನವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡವಳ ಮುಂದೆ ನಾನು ಅಳತೆ ಕೊಡಲು ನಿಂತವನ ಹಾಗೆ ಕೈ ಇಳಿಬಿಟ್ಟು ನಿಂತೆ.

“ಮೂರು ಲೋಕದಲ್ಲಿಲ್ವಾ ಆ ಕೇಕು?” ಎಂದಳು, ಗೌನಿನ ಮುಂದೆ ಕೂತು ಮಣಿ ಪೋಣಿಸುತ್ತಾ.

“ತಪ್ಪಾಯ್ತು ಕಣೇ. ಏನು ಬೇಕಾದ್ರೂ ಬೈ.”

“ಕೇಕಿನ ಮಾತು ಹಾಗಿರ್ಲಿ. ಅವರನ್ನ ಕೆಲಸದಿಂದ ಕಳಿಸಿದಾರೆ ಅಂತ ಕೆಳಗೆ ಯಾರೋ ಬರೆದಿದಾರೆ, ನಿಜಾನಾ?”

ಹೌದು ಎಂದು ತಲೆಯಾಡಿಸಿದೆ. ಅವಳ ಮುಖ ಕೆಂಪಾಯಿತು. ಮದುವೆಯ ಗೌನಿಗೆ ಸೂಜಿ ಚುಚ್ಚಿದಂತೆಯೇ ಬಿಟ್ಟು ಎದ್ದು, ನನ್ನನ್ನೂ ಎಳೆದುಕೊಂಡು ಹೋಟೆಲಿಗೆ ಹೊರಟಳು. ಅಷ್ಟು ವರ್ಷದಲ್ಲಿ ಅವಳು ಅರ್ಧ ಮಣಿ ಕೂರಿಸಿ ಎದ್ದದ್ದನ್ನು ನಾನು ನೋಡಿರಲಿಲ್ಲ.

ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿಗೂರೇ ಬಂದು ಚಿನ್ನದ ಬಣ್ಣದ ಕೇಕು ಕೊಡಿ ಎಂದು ಕೂತಿತ್ತು. ಕಂಬದ ಹಿಂದಿನ ಮೇಜಿಗೆ ಸರತಿ ಸಾಲು! ಹೊಸ ವೇಟರ್ ಬೆವರು ಒರೆಸಿಕೊಳ್ಳುತ್ತಾ, ಅಂಥದ್ದು ಇಲ್ಲ, ಇರಲೂ ಇಲ್ಲ ಎಂದು ಮೇಜು ಮೇಜಿಗೂ ಹೇಳುತ್ತಿದ್ದ. ಯಜಮಾನಿ ನನ್ನವಳನ್ನು ಕಂಡು ಓಡಿಬಂದರು. ನಿಮ್ಮ ಬರಹದಿಂದ ನಮ್ಮ ಮರ್ಯಾದೆ ಉಳಿಯಿತು, ಅವನಿಗೂ ಹೇಳಿಕಳಿಸಿದ್ದೇನೆ, ಆದರೆ ನಮ್ಮ ಹೋಟೆಲಿನಲ್ಲೇ ಇಲ್ಲದ ಕೇಕನ್ನು ನೀವು ತಿಂದದ್ದು ಹೇಗೆ ಎಂದು ಕೇಳಿದರು. ಅದೇ ಹೊತ್ತಿಗೆ ಮೌನಿ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ನನ್ನನ್ನು ನೋಡಿ, ನನ್ನವಳನ್ನು ನೋಡಿ, ಅಲ್ಲೇ ನಿಂತ. ಯಜಮಾನಿ ಅದೇ ಪ್ರಶ್ನೆಯನ್ನು ಅವನಿಗೆ ಕೇಳಿದರು. ಅವನು ನನ್ನವಳ ಕಡೆ ನೋಡಿದ.

ನನ್ನವಳು, “ಹೇಳಿ, ಪರವಾಗಿಲ್ಲ” ಎಂದಳು.

ಅವಳು ಅಪ್ಪಣೆ ಕೊಟ್ಟ ಮೇಲೆಯೇ ಅವನು ಹೇಳಿದ. ಬೇಯಿಸಿ ಅರೆದ ಸಿಹಿಗುಂಬಳ, ಮೊಟ್ಟೆಯ ಬಿಳಿಭಾಗ, ಮೇಲೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು. ಕೆಲಸ ಶುರುವಾಗುವ ಮೊದಲೇ ಬಂದು ಅಡುಗೆಯವರನ್ನು ಕಾಡಿ ಬೇಡಿ ಮಾಡಿಕೊಳ್ಳುತ್ತಿದ್ದನಂತೆ.

“ಮತ್ತೆ ಸಕ್ಕರೆ?” ಎಂದೆ ನಾನು, ಕ್ಷೀಣ ಸ್ವರದಲ್ಲಿ.

“ಯಾವತ್ತೂ ಹಾಕಿಲ್ಲ ಸರ್.”

ಮೂರು ಲೋಕದಲ್ಲಿಲ್ಲದ ನನ್ನ ಕೇಕು ಕುಂಬಳಕಾಯಿಯಾಗಿತ್ತು! ನನ್ನ ವಿಶೇಷ ತಳಿಯ ದೇಹ, ಗಾಳಿಗೆ ಹಾರುವ ಕೇಕು, ಡಾಕ್ಟರ ಮೆಚ್ಚುಗೆ, ಎಲ್ಲವೂ ಅಲ್ಲಿಯೇ ನನ್ನ ಕಣ್ಣೆದುರಿಗೇ ಬಸಿದು ಹೋಯಿತು.

ಆಮೇಲೆ ನನ್ನವಳು ನಿಧಾನವಾಗಿ ಹೇಳಿದಳು. ನಾನು ಗುಂಡಿ ತರಲು ಹೋದವನು ಗುಂಡಿಯಿಲ್ಲದೆ, ಮೀಸೆಯಲ್ಲಿ ಕೆನೆ ಮೆತ್ತಿಕೊಂಡು ಬಂದ ಮೊದಲ ದಿನವೇ ಅವಳಿಗೆ ಗೊತ್ತಾಗಿತ್ತಂತೆ. ಬೈದು ಬಿಡಿಸಿದರೆ ಇನ್ನೂ ದೂರದ ಹೋಟೆಲು ಹುಡುಕುತ್ತಾನೆ ಎಂದು ತಾನೇ ಬಂದು ಈ ವೇಟರನ್ನು ಹುಡುಕಿ, ಹೀಗೆ ಹೀಗೆ ಎಂದು ಬೇಡಿಕೊಂಡಳಂತೆ. ವಾರ್ಷಿಕೋತ್ಸವದ ದಿನ ಆ ಕೇಕನ್ನು ಎಲ್ಲರ ಎದುರು ಮೇಜಿಗೆ ತರಿಸಿ, ಎಲ್ಲ ಹೇಳಿ ಇಬ್ಬರೂ ನಗಬೇಕೆಂದು ಗೊತ್ತು ಮಾಡಿದ್ದಳು. ಬಿಲ್ಲು ಮುಗಿದ ಮೇಲೆ ಮೌನಿ ನಿಂತದ್ದು ಅವಳ ಸನ್ನೆಗಾಗಿ. ಒಳಗೆ ಕೇಕು ಕಾಯುತ್ತಿತ್ತು. ನಾನು ಟಿಪ್ಸಿನ ಇತಿಹಾಸ ಶುರುಮಾಡಿದೆ.

ನಗಬೇಕೋ ಅಳಬೇಕೋ ತಿಳಿಯದೆ ಮೌನಿಯ ಎರಡೂ ಕೈ ಹಿಡಿದುಕೊಂಡೆ. ಅವನ ಎತ್ತರಕ್ಕೆ ನನ್ನ ತಲೆ ಅವನ ಜೇಬಿನವರೆಗೆ ಬರುತ್ತಿತ್ತು. ತಪ್ಪಾಯಿತಪ್ಪಾ ಎಂದೆ. ಅಲ್ಲೇ ನಿಂತು ನನ್ನ ಹಳೆಯ ಲೇಖನ ಅಳಿಸಿ, ಇದ್ದದ್ದು ಇದ್ದ ಹಾಗೆ ನನ್ನ ಹೆಸರಿನಲ್ಲೇ, ಕನ್ನಡಕ ಒರೆಸಿಕೊಂಡು, ಬರೆದು ಹಾಕಿದೆ. ಯಾರ ಫೋಟೋವನ್ನೂ ಹಾಕಲಿಲ್ಲ. ಯಜಮಾನಿ ಅವನ ಬೆನ್ನ ಮೇಲೆ ಕೈಯಿಟ್ಟು, ಒಳಗೆ ಹೋಗಿ ಕುಂಬಳಕಾಯಿ ಹೆಚ್ಚಲು ಶುರುಮಾಡು, ಜನ ಕಾಯುತ್ತಿದ್ದಾರೆ ಎಂದರು. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಬಂದಿತು ನನ್ನ ಮಹಾತ್ಯಾಗದ ಗಳಿಗೆ! ತತ್ವ ಹಾಳಾಗಿ ಹೋಗಲಿ, ಇವತ್ತು ಈ ಮನುಷ್ಯನಿಗೆ ನನ್ನ ಕೈಯಾರೆ ಟಿಪ್ಸ್ ಕೊಡುತ್ತೇನೆ ಎಂದು ಎದೆಯುಬ್ಬಿಸಿ ಪರ್ಸು ತೆಗೆದೆ. ಇಡೀ ಹೋಟೆಲು ಕತ್ತು ಚಾಚಿ ನೋಡಿತು. ಪರ್ಸು ಬಿಚ್ಚಿದೆ. ಅದರಲ್ಲಿ ಒಂದು ಸೀಮೆಸುಣ್ಣದ ಚೂರು ಬಿಟ್ಟು ಬೇರೇನೂ ಇರಲಿಲ್ಲ.

ಮೌನಿ ಸಂಕೋಚದಿಂದ, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ, ನನ್ನ ಕಿವಿಯ ಹತ್ತಿರ ಬಗ್ಗಿದ. “ಬೇಡ ಸರ್. ನಿಮ್ಮ ಪರವಾಗಿ ಮೇಡಂ ಪ್ರತಿ ಸಲಾನೂ ಕೊಡ್ತಾರೆ. ನಮ್ಮ ಹೋಟ್ಲಲ್ಲಿ ನಿಮ್ಮಷ್ಟು ಟಿಪ್ಸ್ ಕೊಡೋರು ಇನ್ನೊಬ್ಬರಿಲ್ಲ.”

ನಾನು ಹೆಂಡತಿಯ ಕಡೆ ತಿರುಗಿದೆ. ಯಾರ ದುಡ್ಡು ಎಂದು ಕೇಳುವ ಅಗತ್ಯವಿರಲಿಲ್ಲ, ಪರ್ಸು ಇನ್ನೂ ನನ್ನ ಕೈಯಲ್ಲೇ ಬಾಯಿ ತೆರೆದುಕೊಂಡಿತ್ತು.

“ಅಷ್ಟೊಂದು ಯಾಕೆ ಕೊಟ್ಟೆ ಮಾರಾಯ್ತೀ?” ಎಂದೆ.

“ನಿಮ್ಮನ್ನ ಸಂಭಾಳಿಸೋದು ಸುಲಭದ ಕೆಲಸಾನಾ?” ಎಂದಳು ಅವಳು. “ನಾನಂತೂ ಬಿಟ್ಟಿ ಮಾಡ್ತಿದೀನಿ. ಪಾಪ, ಅವರ್ಯಾಕೆ ಬಿಟ್ಟಿ ಮಾಡ್ಬೇಕು?”